ಬೆಟ್ಟಿಂಗ್ ಆ್ಯಪ್, ತಲಪಾಡಿ ಆಚೆಯ ಲಾಟರಿ, ರೇಸು, ಗೋವಾ: ಕರಾವಳಿಯವರಿಗೆ ಯಾವುದು ಕಾನೂನಿನ ಒಳಗೆ, ಯಾವುದು ಹೊರಗೆ

ಐಪಿಎಲ್ ಶುರುವಾದರೆ ಸಾಕು, ಹಂಪನಕಟ್ಟೆಯ ಚಾ ಅಂಗಡಿಯಿಂದ ಮಣಿಪಾಲದ ಹಾಸ್ಟೆಲ್ ತನಕ ಒಂದೇ ಪ್ರಶ್ನೆ ಓಡಾಡುತ್ತದೆ: ಲೀಗಲ್ ಆಗಿರುವ ಬೆಟ್ಟಿಂಗ್ ಆ್ಯಪ್ ಯಾವುದು? ಉತ್ತರ ಚಿಕ್ಕದು. ಯಾವುದೂ ಇಲ್ಲ. ಕ್ರಿಕೆಟ್ ಇರಲಿ, ಫುಟ್‌ಬಾಲ್ ಇರಲಿ, ಕಬಡ್ಡಿ ಇರಲಿ, ಪಂದ್ಯದ ಮೇಲೆ ಮೊಬೈಲ್‌ನಲ್ಲಿ ದುಡ್ಡು ಕಟ್ಟಿಸಿಕೊಳ್ಳಲು ಭಾರತದಲ್ಲಿ ಯಾವ ಕಂಪನಿಗೂ ಪರವಾನಗಿ ಇಲ್ಲ. 'ನಮಗೆ ಕುರಸಾವೊ ಲೈಸೆನ್ಸ್ ಇದೆ' ಎಂದು ಕೆಲವು ಆ್ಯಪ್‌ಗಳು ಹೇಳಿಕೊಳ್ಳುತ್ತವೆ. ಕುರಸಾವೊ ಎಂದರೆ ಕೆರಿಬಿಯನ್ ಸಮುದ್ರದ ಒಂದು ದ್ವೀಪ. ಅಲ್ಲಿನ ಕಾಗದ ಮಂಗಳೂರಿನ ಬಂದರು ಠಾಣೆಯಲ್ಲಿ ನಡೆಯುವುದಿಲ್ಲ.

ಹಾಗಾದರೆ ಹೋಲಿಸುವುದು ಏನನ್ನು? ಅದೃಷ್ಟಕ್ಕೋ ಆಟಕ್ಕೋ ದುಡ್ಡು ಹಾಕುವ ದಾರಿಗಳು ನಮ್ಮ ಸುತ್ತಮುತ್ತ ಐದಾರು ಇವೆ. ಕೆಲವು ಪೂರ್ತಿ ಕಾನೂನಿನ ಒಳಗೆ, ಕೆಲವು ಪೂರ್ತಿ ಹೊರಗೆ, ಒಂದೆರಡು ಗಡಿ ದಾಟಿದರೆ ಮಾತ್ರ ಒಳಗೆ. ಇವನ್ನು ಅಳೆಯಲು ನಾನು ಒಂದೇ ಪ್ರಶ್ನೆ ಇಟ್ಟುಕೊಂಡಿದ್ದೇನೆ: ನಾಳೆ ತಕರಾರು ಬಂದರೆ ಹೋಗಿ ಕೇಳಲು ಒಂದು ಕೌಂಟರ್ ಇದೆಯಾ? ಬಾಗಿಲು ಇರುವ, ಬೋರ್ಡ್ ಇರುವ, ರಸೀದಿ ಕೊಡುವ ಕೌಂಟರ್. ಎಷ್ಟು ಗೆಲ್ಲಬಹುದು ಎಂದು ನೋಡಲು ಬಂದವರಿಗೆ ಇಲ್ಲಿ ಜಾಸ್ತಿ ಏನೂ ಸಿಗದು.

ಕಾನೂನು ಎಲ್ಲಿಗೆ ಬಂದು ನಿಂತಿದೆ

ಜೂಜಿಗೆ ಇಡೀ ದೇಶದ ಮಟ್ಟದಲ್ಲಿ ಇದ್ದ ಹಳೆಯ ಕಾನೂನು 1867ರದು, ಬ್ರಿಟಿಷರ ಕಾಲದ್ದು. ಸಂವಿಧಾನ ಬಂದ ಮೇಲೆ 'ಬೆಟ್ಟಿಂಗ್ ಮತ್ತು ಜೂಜು' ರಾಜ್ಯಗಳ ಪಟ್ಟಿಗೆ ಸೇರಿತು. ಹಾಗಾಗಿಯೇ ಗೋವಾದಲ್ಲಿ ಕ್ಯಾಸಿನೋ ಇದೆ, ನಮ್ಮಲ್ಲಿ ಇಲ್ಲ. ಲಾಟರಿಯೂ ಹಾಗೆಯೇ, ಕೇರಳದಲ್ಲಿ ಇದೆ, ನಮ್ಮಲ್ಲಿ ಇಲ್ಲ. ಕರ್ನಾಟಕದಲ್ಲಿ ನಡೆಯುವುದು 1963ರ ಪೊಲೀಸ್ ಕಾಯ್ದೆ. ಪೇಪರ್‌ನಲ್ಲಿ 'ಕಲಂ 87 ಕೆ.ಪಿ. ಆ್ಯಕ್ಟ್' ಎಂದು ಓದಿರುತ್ತೀರಲ್ವಾ, ಅದೇ. ಗುಡ್ಡೆಯಲ್ಲಿ ಪೇಪರ್ ಹಾಸಿ ಉಲಾಯಿ-ಪಿದಾಯಿ (ಅಂದರ್-ಬಾಹರ್) ಆಡಿದವರು, ಮಟ್ಕಾ ಚೀಟಿ ಬರೆದವರು, ಕ್ಲಬ್ಬಿನ ಹಿಂದಿನ ಕೋಣೆಯಲ್ಲಿ ಇಸ್ಪೀಟು ಹಾಕಿದವರು, ಎಲ್ಲರೂ ಇದರ 78, 79, 80, 87ನೇ ಕಲಂಗಳಡಿ ಬರುತ್ತಾರೆ.

ಇದೇ ಕಾಯ್ದೆಯಲ್ಲಿ ಒಂದು ವಿನಾಯಿತಿಯೂ ಇದೆ. ಕೌಶಲದ ಆಟ ಜೂಜಲ್ಲ. ರಮ್ಮಿ ಮುಖ್ಯವಾಗಿ ಕೌಶಲದ ಆಟ ಎಂದು ಸುಪ್ರೀಂ ಕೋರ್ಟ್ 1968ರಲ್ಲಿ ಹೇಳಿತು, ಕುದುರೆ ರೇಸ್ ಬಗ್ಗೆ 1996ರಲ್ಲಿ ಹೇಳಿತು. ಈ ಎರಡು ತೀರ್ಪುಗಳನ್ನು ಹಿಡಿದುಕೊಂಡೇ ಆನ್‌ಲೈನ್ ರಮ್ಮಿಯೂ, ನಿಜವಾದ ಆಟಗಾರರನ್ನು ಆರಿಸಿ ತಂಡ ಕಟ್ಟಿ ಪಾಯಿಂಟ್‌ಗೆ ಆಡುವ ಫ್ಯಾಂಟಸಿ ಕ್ರಿಕೆಟ್ಟೂ ಬೆಳೆದದ್ದು. 2021ರಲ್ಲಿ ನಮ್ಮ ರಾಜ್ಯ ಸರಕಾರ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ಆನ್‌ಲೈನ್‌ನಲ್ಲಿ ದುಡ್ಡಿನ ಆಟವನ್ನೇ ನಿಲ್ಲಿಸಲು ಹೊರಟಿತು. 2022ರ ಫೆಬ್ರವರಿ 14ರಂದು ಹೈಕೋರ್ಟ್ ಅದರ ಮುಖ್ಯ ಭಾಗಗಳನ್ನು ಹೊಡೆದುಹಾಕಿತು.

2025ರ ಆಗಸ್ಟ್‌ನಲ್ಲಿ ಎಲ್ಲ ತಲೆಕೆಳಗಾಯಿತು. ಆನ್‌ಲೈನ್ ಗೇಮಿಂಗ್ ಬಗ್ಗೆ ಕೇಂದ್ರದ ಮಸೂದೆ 20ರಂದು ಲೋಕಸಭೆಯಲ್ಲಿ, 21ರಂದು ರಾಜ್ಯಸಭೆಯಲ್ಲಿ ಪಾಸಾಯಿತು. 22ಕ್ಕೆ ರಾಷ್ಟ್ರಪತಿ ಸಹಿ ಬಿತ್ತು. ಮೂರೇ ದಿನ. ಕೌಶಲವೋ ಅದೃಷ್ಟವೋ ಎಂಬ ಹಳೆಯ ಚರ್ಚೆಯನ್ನೇ ಇದು ಬದಿಗೆ ಸರಿಸಿತು. ದುಡ್ಡು ಕಟ್ಟಿ, ಗೆದ್ದರೆ ದುಡ್ಡು ಬರುತ್ತದೆ ಎಂದು ಆನ್‌ಲೈನ್‌ನಲ್ಲಿ ಆಡುವುದು ಯಾವ ಆಟವಾದರೂ ನಿಷಿದ್ಧ. ಅಂಥ ಆಟ ನಡೆಸಿದರೆ 3 ವರ್ಷದ ತನಕ ಜೈಲು, 1 ಕೋಟಿಯ ತನಕ ದಂಡ, ಅಥವಾ ಎರಡೂ. ಜಾಹೀರಾತು ಕೊಟ್ಟರೆ 2 ವರ್ಷ, 50 ಲಕ್ಷ. ಅದಕ್ಕೆ ಹಣ ಸಾಗಿಸಿಕೊಟ್ಟ ಬ್ಯಾಂಕು, ಪೇಮೆಂಟ್ ಕಂಪನಿಗೂ 3 ವರ್ಷ, 1 ಕೋಟಿ. ಕಾಯ್ದೆಗೆ ಸಹಿ ಬಿದ್ದ ದಿನವೇ ಫ್ಯಾಂಟಸಿ ಕ್ರಿಕೆಟ್ ಆ್ಯಪ್ ಡ್ರೀಮ್ ಇಲೆವೆನ್ ದುಡ್ಡಿನ ಸ್ಪರ್ಧೆ ನಿಲ್ಲಿಸಿತು. ಟೀಮ್ ಇಂಡಿಯಾ ಜೆರ್ಸಿ ಮೇಲಿನ ಅದರ ಹೆಸರೂ ಹೋಯಿತು. ಇದನ್ನು ಪ್ರಶ್ನಿಸಿ ನಮ್ಮದೂ ಸೇರಿ ಬೇರೆ ಬೇರೆ ಹೈಕೋರ್ಟ್‌ಗಳಲ್ಲಿ ಹಾಕಿದ್ದ ಅರ್ಜಿಗಳು ಅದೇ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್‌ಗೆ ವರ್ಗವಾದವು.

ಈ ಕಾಯ್ದೆಯಲ್ಲಿ ಆಡುವವನಿಗೆ ಶಿಕ್ಷೆ ಇಲ್ಲ. ಹಲವರು ಇಷ್ಟನ್ನೇ ಓದಿ ನಿಟ್ಟುಸಿರು ಬಿಡುತ್ತಾರೆ. ಅಷ್ಟು ಸುಲಭ ಇಲ್ಲ ಮಾರಾಯ್ರೆ. ರಾಜ್ಯದ ಪೊಲೀಸ್ ಕಾಯ್ದೆ ಹಾಗೆಯೇ ಇದೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 112ನೇ ಕಲಂ ಕೂಡ ಇದೆ. ಗುಂಪು ಕಟ್ಟಿಕೊಂಡು ಅನಧಿಕೃತ ಬೆಟ್ಟಿಂಗ್ ನಡೆಸಿದವರಿಗೆ 1ರಿಂದ 7 ವರ್ಷ. ನೀವು ಆಡುವವರು ಮಾತ್ರವೋ, ಗೆಳೆಯರಿಗೆ 'ಐಡಿ' ಕೊಡಿಸಿ ಕಮಿಷನ್ ತೆಗೆದುಕೊಂಡವರೋ ಎಂಬುದು ಆಗ ಬಹಳ ಮುಖ್ಯವಾಗುತ್ತದೆ.

ಇನ್ನೊಂದು ಕಾನೂನು ಇದೆ, ಅದನ್ನು ಯಾರೂ ಹೇಳುವುದಿಲ್ಲ. 1872ರ ಕರಾರು ಕಾಯ್ದೆಯ 30ನೇ ಕಲಂ. ಪಣದ ಕರಾರಿಗೆ ಬೆಲೆಯೇ ಇಲ್ಲ ಎನ್ನುತ್ತದೆ ಅದು. ನೀವು ಗೆದ್ದಿರಿ, ಎದುರಿನವನು ಕೊಡಲಿಲ್ಲ ಎಂದುಕೊಳ್ಳಿ. ಕೋರ್ಟಿಗೆ ಹೋಗಿ ಕೊಡಿಸಿ ಎನ್ನುವ ಹಾಗಿಲ್ಲ. ಆ ಕಲಂನಲ್ಲೇ ಇರುವ ಒಂದು ವಿನಾಯಿತಿ ಕುದುರೆ ರೇಸಿನ 500 ರೂ. ಮತ್ತು ಮೇಲಿನ ಬಹುಮಾನಕ್ಕೆ. ಬೇರೆ ಎಲ್ಲದರಲ್ಲೂ ಎದುರಿನವನ ಮಾತೇ ಗ್ಯಾರಂಟಿ.

ವಾಟ್ಸ್ಯಾಪ್‌ನಲ್ಲಿ ಬರುವ 'ಐಡಿ'

ಆ್ಯಪ್ ನಿಷೇಧವಾದ ಮೇಲೂ ಬೆಟ್ಟಿಂಗ್ ನಿಂತಿಲ್ಲ ಎಂದು ಎಲ್ಲರಿಗೂ ಗೊತ್ತು. ಅದು ನಡೆಯುವ ರೀತಿಯನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಕೌಂಟರ್ ಇಲ್ಲ ಎಂದರೆ ಏನರ್ಥ ಎಂದು ಆಗ ಗೊತ್ತಾಗುತ್ತದೆ.

ಒಂದು ನಂಬರಿಗೆ 'ಹಾಯ್' ಎಂದು ಕಳಿಸಿದರೆ ನಿಮಿಷದೊಳಗೆ ಉತ್ತರ ಬರುತ್ತದೆ. ಒಂದು ವೆಬ್‌ಸೈಟ್ ಲಿಂಕು, ಒಂದು ಯೂಸರ್ ನೇಮ್, ಒಂದು ಪಾಸ್‌ವರ್ಡ್. ಇದೇ ಐಡಿ. ದುಡ್ಡು ಹಾಕಲು ಯುಪಿಐ ಕೋಡ್ ಕಳಿಸುತ್ತಾರೆ. ಸ್ಕ್ಯಾನ್ ಮಾಡಿದಾಗ ಮೇಲೆ ಬರುವ ಹೆಸರನ್ನು ಗಮನಿಸಿ. ಇವತ್ತು ಯಾವುದೋ ಮೊಬೈಲ್ ಅಂಗಡಿ, ನಾಳೆ ಯಾವುದೋ ಟ್ರೇಡರ್ಸ್, ನಾಡಿದ್ದು ಯಾರೋ ಹುಡುಗಿಯ ಹೆಸರು. ವೆಬ್‌ಸೈಟಿಗೂ ಆ ಹೆಸರಿಗೂ ಸಂಬಂಧ ಇರುವುದಿಲ್ಲ. ಅವು ಬಾಡಿಗೆಗೆ ತೆಗೆದುಕೊಂಡ ಅಕೌಂಟ್‌ಗಳು, ಪೊಲೀಸರ ಮಾತಿನಲ್ಲಿ ಮ್ಯೂಲ್ ಅಕೌಂಟ್‌ಗಳು.

ಮೊದಲ ಸಲ ಸಾವಿರ ಹಾಕಿ ಸಾವಿರದ ಐನೂರು ಮಾಡಿಕೊಂಡರೆ, ಅದು ಹತ್ತೇ ನಿಮಿಷದಲ್ಲಿ ವಾಪಸ್ ಬರುತ್ತದೆ. ಇದು ಅವರ ಜಾಹೀರಾತಿನ ಖರ್ಚು. ಸಮಸ್ಯೆ ಶುರುವಾಗುವುದು ಬ್ಯಾಲೆನ್ಸ್ ದೊಡ್ಡದಾದಾಗ. 'ಟ್ಯಾಕ್ಸ್ ಕ್ಲಿಯರ್ ಮಾಡಲು ಶೇ. 30 ಮೊದಲು ಕಟ್ಟಿ.' 'ಕೆವೈಸಿ ಅಪ್‌ಗ್ರೇಡ್‌ಗೆ ಇಷ್ಟು.' 'ಸರ್ವರ್ ಮೇಂಟೆನೆನ್ಸ್.' ಒಂದು ಮಾತು ನೆನಪಿಡಿ: ಭಾರತದಲ್ಲಿ ಗೆದ್ದ ಹಣದ ತೆರಿಗೆಯನ್ನು ಕೊಡುವವನು ಮುರಿದುಕೊಂಡು ಉಳಿದದ್ದನ್ನು ಕೊಡುತ್ತಾನೆ. ಮೊದಲು ತೆರಿಗೆ ಕಳಿಸಿ, ಆಮೇಲೆ ಬಹುಮಾನ ಕೊಡುತ್ತೇವೆ ಎಂದವನು ಬಹುಮಾನ ಕೊಡುವುದಿಲ್ಲ.

ಆಟದ ಒಳಗೂ ಹೀಗೆಯೇ. ಗೆದ್ದವರು ಯಾರು ಎಂಬುದರ ಮೇಲೆ ಮಾತ್ರ ಅಲ್ಲ, ಆರು ಓವರಿನ 'ಸೆಷನ್' ಮೇಲೆ, ಬ್ಯಾಟರ್ ಎಷ್ಟು ಹೊಡೆಯುತ್ತಾನೆ ಎಂಬ 'ಫ್ಯಾನ್ಸಿ' ಮೇಲೆ ರೇಟು ಕೊಡುತ್ತಾರೆ. ರೇಟು ಹಾಕುವವನೂ ಅವನೇ, ಲೆಕ್ಕ ಬರೆಯುವವನೂ ಅವನೇ, 'ರಾಂಗ್ ರೇಟ್ ಬಿದ್ದಿತ್ತು, ಬೆಟ್ ವಾಯ್ಡ್' ಎನ್ನುವವನೂ ಅವನೇ. ನೀವು ಗೆದ್ದ ಸೆಷನ್ನೇ ವಾಯ್ಡ್ ಆಗುವುದು ಆಕಸ್ಮಿಕ ಅಲ್ಲ.

ಸರಕಾರ ಇಂಥ ಸೈಟುಗಳನ್ನು ಬ್ಲಾಕ್ ಮಾಡುತ್ತಲೇ ಇದೆ. 2023ರ ನವೆಂಬರ್‌ನಲ್ಲಿ ಮಹಾದೇವ್ ಸೇರಿ 22 ಆ್ಯಪ್ ಮತ್ತು ಸೈಟುಗಳನ್ನು ಒಟ್ಟಿಗೆ ನಿಲ್ಲಿಸಿತು. ಅದರಾಚೆ ಸಾವಿರಕ್ಕೂ ಹೆಚ್ಚು ಬ್ಲಾಕ್ ಆಗಿವೆ. ಒಂದು ಅಕ್ಷರ ಬದಲಿಸಿ ಮರುದಿನ ಬೇರೆ ಹೆಸರಿನಲ್ಲಿ ಬರುತ್ತವೆ. ಬ್ಲಾಕ್ ಆದ ಸೈಟಿನೊಳಗೆ ಉಳಿದ ನಿಮ್ಮ ಬ್ಯಾಲೆನ್ಸ್‌ಗೆ ಅಪ್ಪ ಅಮ್ಮ ಯಾರೂ ಇಲ್ಲ.

ಅಕೌಂಟ್ ಬಾಡಿಗೆಗೆ ಕೊಡುವ ಕಾಲೇಜು ಹುಡುಗರಿಗೆ ಒಂದು ಮಾತು ಬಿಡಿಸಿ ಹೇಳಬೇಕು. ಪಾಸ್‌ಬುಕ್, ಎಟಿಎಂ ಕಾರ್ಡ್, ಸಿಮ್ ಮೂರೂ ಕೊಟ್ಟರೆ ತಿಂಗಳಿಗೆ ಇಷ್ಟು ಎಂದು ಯಾರಾದರೂ ಹೇಳಿದರೆ, ಅದು ಪಾಕೆಟ್ ಮನಿ ಅಲ್ಲ. ದುಡ್ಡು ಹೋದವನು ರಾಜಸ್ಥಾನದಲ್ಲೋ ತೆಲಂಗಾಣದಲ್ಲೋ ದೂರು ಕೊಡುತ್ತಾನೆ. ಹಣ ಬಂದು ಬಿದ್ದದ್ದು ನಿಮ್ಮ ಹೆಸರಿನ ಅಕೌಂಟ್‌ಗೆ. ಪೊಲೀಸರು ಮೊದಲು ಬರುವುದು ನಿಮ್ಮ ಮನೆಗೆ. ಕೆನರಾ, ಕಾರ್ಪೊರೇಷನ್, ಕರ್ಣಾಟಕ, ಸಿಂಡಿಕೇಟ್, ವಿಜಯಾ ಎಂದು ಐದು ಬ್ಯಾಂಕು ಹುಟ್ಟಿಸಿದ ಜಿಲ್ಲೆಯವರಿಗೆ ಪಾಸ್‌ಬುಕ್ ಬಾಡಿಗೆಗೆ ಕೊಡಬಾರದು ಎಂದು ಹೇಳಬೇಕಾಗಿ ಬಂದದ್ದು ವಿಚಿತ್ರ.

ತಲಪಾಡಿ ದಾಟಿದರೆ

ಕರ್ನಾಟಕದಲ್ಲಿ ಲಾಟರಿ 2007ರಲ್ಲಿ ನಿಂತಿತು. ಮಂಗಳೂರಿನ ಸ್ಟೇಟ್‌ಬ್ಯಾಂಕ್ ಬಸ್‌ಸ್ಟ್ಯಾಂಡಿನಿಂದ ತಲಪಾಡಿ ಬಸ್ಸು ಹತ್ತಿದವರಿಗೆ ಮಾತ್ರ ಅದು ಯಾವತ್ತೂ ನಿಂತೇ ಇಲ್ಲ. ಟೋಲ್ ದಾಟಿದರೆ ಕೇರಳ: ಮಂಜೇಶ್ವರ, ಹೊಸಂಗಡಿ, ಉಪ್ಪಳ. ರಸ್ತೆ ಬದಿಯಲ್ಲಿ ಸಣ್ಣ ಮೇಜು, ಮೇಲೆ ಕ್ಲಿಪ್ ಹಾಕಿ ಸಾಲಾಗಿ ತೂಗಿದ ಬಣ್ಣದ ಟಿಕೆಟ್‌ಗಳು. ಮಾರುವವರು ಕನ್ನಡ, ತುಳು, ಮಲಯಾಳ ಮೂರರಲ್ಲೂ ಮಾತಾಡುತ್ತಾರೆ.

ಕೇರಳ ಸರಕಾರ ಲಾಟರಿ ಇಲಾಖೆ ಮಾಡಿದ್ದು 1967ರಲ್ಲಿ. ಇವತ್ತಿಗೂ ಟಿಕೆಟ್ ಕಾಗದದ್ದೇ. ದಿನದ ಟಿಕೆಟ್ 50 ರೂ., ಮೊದಲ ಬಹುಮಾನ 1 ಕೋಟಿ. ಓಣಂ ಬಂಪರ್ ಟಿಕೆಟ್ 500 ರೂ., ಮೊದಲ ಬಹುಮಾನ 25 ಕೋಟಿ. 2024ರ ಓಣಂ ಬಂಪರ್ ಹೋದದ್ದು ಮಂಡ್ಯ ಜಿಲ್ಲೆಯವರೊಬ್ಬರಿಗೆ. ಕರ್ನಾಟಕದವರಿಗೆ ಬಹುಮಾನ ಕೊಡುವುದಿಲ್ಲ ಎಂಬುದು ಸುಮ್ನೆ ಮಾತು. ಕೇರಳದಲ್ಲಿ ಕೊಂಡ ಟಿಕೆಟ್ ಇದ್ದರೆ ಯಾವ ಊರಿನವರಾದರೂ ಪಡೆಯಬಹುದು.

ನನ್ನ ಕೌಂಟರ್ ಪರೀಕ್ಷೆಯಲ್ಲಿ ಇದು ಚೆನ್ನಾಗಿ ಪಾಸಾಗುತ್ತದೆ. ಮಧ್ಯಾಹ್ನ 3 ಗಂಟೆಗೆ ತಿರುವನಂತಪುರದಲ್ಲಿ ಬಹಿರಂಗ ಡ್ರಾ. ಸಣ್ಣ ಬಹುಮಾನವನ್ನು ಏಜೆಂಟರೇ ಕೊಡುತ್ತಾರೆ. 5,000 ರೂ. ದಾಟಿದರೆ ಟಿಕೆಟನ್ನು ಬ್ಯಾಂಕಿಗೋ ಸರಕಾರಿ ಲಾಟರಿ ಕಚೇರಿಗೋ 30 ದಿನದೊಳಗೆ ಕೊಡಬೇಕು. ಟಿಕೆಟ್ ಹಿಂದೆ ಹೆಸರು, ವಿಳಾಸ, ಸಹಿ ಹಾಕಿಡುವುದು ಒಳ್ಳೆಯದು. ಹರಿದ, ಒದ್ದೆಯಾದ ಟಿಕೆಟ್ ಹಿಡಿದು ಹೋದರೆ ಕಷ್ಟ. ನಮ್ಮ ಮಳೆಗಾಲದಲ್ಲಿ ಅಂಗಿ ಕಿಸೆ ಟಿಕೆಟ್ ಇಡುವ ಜಾಗ ಅಲ್ಲ.

ಇನ್ನು ಗೆಲ್ಲುವ ಸಾಧ್ಯತೆ. ಟಿಕೆಟ್ ಮೇಲೆ ಎರಡು ಅಕ್ಷರದ ಸರಣಿ, ಆಮೇಲೆ ಆರಂಕಿಯ ನಂಬರ್. ಒಂದು ಲಕ್ಷದಿಂದ ಎಣಿಸಿದರೆ ಒಂದೊಂದು ಸರಣಿಗೆ 9 ಲಕ್ಷ ನಂಬರ್. ಇಂಥ ಸರಣಿಗಳು ಹಲವು. ಬಂದರೂ ಪೂರ್ತಿ ಕೈಗೆ ಬರುವುದಿಲ್ಲ. ಏಜೆಂಟರ ಕಮಿಷನ್ ಹೋಗಿ, ಉಳಿದದ್ದಕ್ಕೆ ಶೇ. 30 ಆದಾಯ ತೆರಿಗೆ, ದೊಡ್ಡ ಮೊತ್ತವಾದರೆ ಸರ್‌ಚಾರ್ಜ್, ಮೇಲೆ ಸೆಸ್.

ಎಚ್ಚರ ಇರಬೇಕಾದದ್ದು ಬೇರೆ ಕಡೆ. ಕೇರಳ ಲಾಟರಿಗೆ ಆನ್‌ಲೈನ್ ಮಾರಾಟವೇ ಇಲ್ಲ. ಕೇರಳ ಸರಕಾರವೇ ಇದನ್ನು ಹಲವು ಸಲ ಹೇಳಿದೆ. ಫೇಸ್‌ಬುಕ್‌ನಲ್ಲಿ ಕಾಣುವ 'ಕೇರಳ ಲಾಟರಿ ಆ್ಯಪ್', ವಾಟ್ಸ್ಯಾಪ್‌ನಲ್ಲಿ ಟಿಕೆಟ್‌ನ ಫೋಟೊ ಕಳಿಸಿ ಗೂಗಲ್ ಪೇ ಮಾಡಿ ಎನ್ನುವವರು, ಎಲ್ಲ ಮೋಸ. ಗಡಿಯ ಈಚೆ ಮಂಗಳೂರಿನಲ್ಲೇ ಬಂಡಲ್ ತಂದು ಮಾರುವುದೂ ಅಪರಾಧ. ಅಂಥವರಿಂದ ಕೊಂಡ ಟಿಕೆಟ್‌ಗೆ ಬಹುಮಾನ ಬಂದರೆ 'ಎಲ್ಲಿ ಕೊಂಡಿರಿ' ಎಂಬ ಪ್ರಶ್ನೆಗೆ ಉತ್ತರ ಹುಡುಕಬೇಕಾಗುತ್ತದೆ. ಬೇಕೇಬೇಕು ಎಂದಾದರೆ ಬಸ್ಸು ಹತ್ತಿ ಹೋಗಿ ಕೊಳ್ಳಿ.

ಗಲ್ಫಿನಲ್ಲಿ ಮನೆಯವರು ಇರುವವರು ಅಬುಧಾಬಿಯ ಬಿಗ್ ಟಿಕೆಟ್ ಎಂಬ ಲಾಟರಿ ಬಗ್ಗೆ ಕೇಳುತ್ತಾರೆ. ಅಲ್ಲಿ ದುಡಿಯುವವರು ಅಲ್ಲಿ ಕೊಂಡರೆ ಅದು ಅಲ್ಲಿನ ಕಾನೂನಿಗೆ ಬಿಟ್ಟದ್ದು. ಇಲ್ಲಿಂದ ದುಡ್ಡು ಕಳಿಸಿ ಕೊಳ್ಳುವ ಹಾಗಿಲ್ಲ. ಲಾಟರಿ ಟಿಕೆಟ್, ಫುಟ್‌ಬಾಲ್ ಪೂಲ್, ಸ್ವೀಪ್‌ಸ್ಟೇಕ್‌ಗೆ ವಿದೇಶಕ್ಕೆ ಹಣ ಕಳಿಸುವುದನ್ನು 2000ರ ವಿದೇಶಿ ವಿನಿಮಯ ನಿಯಮಗಳು ನೇರವಾಗಿಯೇ ನಿಷೇಧಿಸಿವೆ. ವಿದೇಶಿ ಬೆಟ್ಟಿಂಗ್ ಸೈಟಿಗೆ ಕಾರ್ಡಿನಲ್ಲಿ ದುಡ್ಡು ಹಾಕುವವರಿಗೂ ಇದೇ ನಿಯಮ ಅಡ್ಡ ಬರುತ್ತದೆ.

ರೇಸ್ ಕೋರ್ಸ್: ಕಾನೂನು ಗಟ್ಟಿ, ಲೆಕ್ಕ ಸೋರಿಕೆ

ಆಟದ ಮೇಲೆ ಪಣ ಕಟ್ಟುವುದು ಕರ್ನಾಟಕದಲ್ಲಿ ಎಲ್ಲಿಯಾದರೂ ನಿಸ್ಸಂಶಯವಾಗಿ ಕಾನೂನಿನ ಒಳಗಿದ್ದರೆ ಅದು ರೇಸ್ ಕೋರ್ಸಿನಲ್ಲಿ. ಬೆಂಗಳೂರು ಟರ್ಫ್ ಕ್ಲಬ್, ಮೈಸೂರು ರೇಸ್ ಕ್ಲಬ್. 1952ರ ರೇಸ್ ಕೋರ್ಸ್ ಲೈಸೆನ್ಸ್ ಕಾಯ್ದೆಯಡಿ ನಡೆಯುವಂಥವು. ಒಳಗೆ ಎರಡು ದಾರಿ. ಒಂದು ಟೋಟಲೈಸೇಟರ್: ಎಲ್ಲರ ದುಡ್ಡು ಒಂದೇ ಕುಂಡಕ್ಕೆ ಬಿದ್ದು, ಕ್ಲಬ್ಬಿನ ಪಾಲು ತೆಗೆದು, ಗೆದ್ದವರಿಗೆ ಹಂಚಿಕೆ. ಇನ್ನೊಂದು ಲೈಸೆನ್ಸ್ ಇರುವ ಬುಕ್ಕಿಗಳು, ಅವರು ಬೋರ್ಡಿನ ಮೇಲೆ ರೇಟು ಬರೆದಿರುತ್ತಾರೆ. ಟಿಕೆಟ್ ಕೈಗೆ ಸಿಗುತ್ತದೆ, ದೂರು ಹೇಳಲು ಸ್ಟುವರ್ಡ್‌ಗಳು, ಅಂದರೆ ರೇಸಿನ ಅಧಿಕಾರಿಗಳು, ಇದ್ದಾರೆ. ನಮಗೆ ಇರುವ ತೊಂದರೆ ದೂರ. ಮೈಸೂರಿಗೆ ಸಂಪಾಜೆ ಹತ್ತಿ ಮಡಿಕೇರಿ ಮೇಲೆ ಹೋಗಬೇಕು, ಬೆಂಗಳೂರಿಗೆ ಶಿರಾಡಿ. ಒಂದು ರೇಸಿಗೋಸ್ಕರ ಘಾಟಿ ಹತ್ತುವವರು ಕಡಿಮೆ.

ಅದಕ್ಕಿಂತ ದೊಡ್ಡ ತೊಂದರೆ ತೆರಿಗೆ. ರೇಸು, ಕ್ಯಾಸಿನೋ, ಲಾಟರಿಗೆ 2023ರ ಅಕ್ಟೋಬರ್‌ನಲ್ಲಿ ಶೇ. 28 ಇದ್ದ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ. 40 ಆಗಿದೆ. ರೇಸಿನಲ್ಲಿ ಅದು ಕ್ಲಬ್ಬಿನ ಲಾಭದ ಮೇಲೆ ಅಲ್ಲ, ನೀವು ಕಟ್ಟಿದ ಪಣದ ಪೂರ್ತಿ ಮೊತ್ತದ ಮೇಲೆ.

ಒಂದು ಲೆಕ್ಕ ಹಾಕಿ ನೋಡೋಣ. 1,000 ರೂ. ಎರಡು ಸಲ ಕಟ್ಟಿದಿರಿ. ತೆರಿಗೆ ಮೇಲಿಂದ ಹಾಕಿದರೆ ಕೈಬಿಟ್ಟದ್ದು 2,800. ಒಂದು ಸಲ ಸೋಲು, ಇನ್ನೊಂದು ಸಲ ಎರಡು ಪಟ್ಟು ಬಂತು, ಅಂದರೆ 2,000. ನಿಮ್ಮ ಕುದುರೆ ಓದು ಅರ್ಧಕ್ಕೆ ಅರ್ಧ ಸರಿ ಇತ್ತು, ಆದರೂ 800 ರೂ. ಹೋಯಿತು. ವರ್ಷದ ಕೊನೆಗೆ ಆದಾಯ ತೆರಿಗೆಯವರದು ಬೇರೆಯೇ ಲೆಕ್ಕ. ಇಡೀ ವರ್ಷ ಒಟ್ಟು ಗೆಲುವು 50,000, ಒಟ್ಟು ಸೋಲು 50,000 ಎಂದಿಟ್ಟುಕೊಳ್ಳಿ. ನಿಮ್ಮ ಪ್ರಕಾರ ಲಾಭ ಸೊನ್ನೆ. ತೆರಿಗೆಯ ಪ್ರಕಾರ ಆದಾಯ 50,000. ಸೋಲನ್ನು ಕಳೆಯಲು ಬಿಡುವುದಿಲ್ಲ. ಶೇ. 30 ತೆರಿಗೆ, ಅದರ ಮೇಲೆ ಶೇ. 4 ಸೆಸ್, ಒಟ್ಟು 15,600 ರೂ. ಕಟ್ಟಬೇಕು. ನಿಮ್ಮ ಬೇರೆ ಆದಾಯ ತೆರಿಗೆ ಮಿತಿಯ ಒಳಗಿದ್ದರೂ ಇದಕ್ಕೆ ವಿನಾಯಿತಿ ಇಲ್ಲ. ರೇಸು ಗೊತ್ತಿರುವವರು ಕೂಡ ಈ ಎರಡು ತೂತುಗಳನ್ನು ದಾಟಿ ಲಾಭ ಮಾಡುವುದು ನನಗಂತೂ ಅನುಮಾನ.

ಗೋವಾ

ಮಂಗಳೂರಿನಿಂದ ಬೆಳಿಗ್ಗೆ ವಂದೇ ಭಾರತ್ ಹತ್ತಿದರೆ ಮಧ್ಯಾಹ್ನದ ಊಟಕ್ಕೆ ಮಡಗಾಂವ್. ಪಣಜಿಯ ಮಾಂಡೋವಿ ನದಿಯಲ್ಲಿ ಕ್ಯಾಸಿನೋ ಹಡಗುಗಳಿವೆ. 1976ರ ಗೋವಾ ಜೂಜು ಕಾಯ್ದೆಗೆ ತಿದ್ದುಪಡಿ ಮಾಡಿ ಕೊಟ್ಟ ಪರವಾನಗಿ ಅವಕ್ಕೆ ಇದೆ. ವಯಸ್ಸು 21 ದಾಟಿರಬೇಕು. ಚಿಪ್ಸ್ ಕೊಳ್ಳುವಾಗ ಶೇ. 40 ಜಿಎಸ್‌ಟಿ, ಗೆದ್ದರೆ ಶೇ. 30 ಆದಾಯ ತೆರಿಗೆ. ಕ್ರಿಕೆಟ್ ಬೆಟ್ಟಿಂಗ್ ಅಲ್ಲಿಯೂ ಕಾನೂನಿನ ಒಳಗಿಲ್ಲ. ರೂಲೆಟ್, ಬ್ಲ್ಯಾಕ್‌ಜ್ಯಾಕ್, ಇಸ್ಪೀಟು ಇಷ್ಟೇ. 2020ರ ಫೆಬ್ರವರಿಯಿಂದ ಗೋವಾದವರಿಗೆ ಆ ಹಡಗುಗಳ ಆಟದ ಜಾಗಕ್ಕೆ ಪ್ರವೇಶ ಇಲ್ಲ. ತನ್ನ ಊರಿನವರಿಗೆ ಬೇಡ ಎಂದದ್ದಕ್ಕೆ ನಮ್ಮನ್ನು ಕರೆಯುತ್ತಾರೆ, ನೋಡಿ! ಒಂದು ರಾತ್ರಿಯ ಮಜಾಕ್ಕೆ ಇಷ್ಟು ಎಂದು ತೆಗೆದಿಟ್ಟು, ಎಟಿಎಂ ಕಾರ್ಡ್ ರೂಮಿನಲ್ಲಿ ಬಿಟ್ಟು ಹೋಗುವವರಿಗೆ ಸರಿ. ಸಿಕ್ಕಿಂ, ನಾಗಾಲ್ಯಾಂಡ್‌ನ ಕಾನೂನು ತೋರಿಸಿ 'ನಮ್ಮ ಆ್ಯಪ್‌ಗೆ ಅಲ್ಲಿನ ಲೈಸೆನ್ಸ್' ಎನ್ನುವವರನ್ನು ನಂಬಬೇಡಿ. ಸಿಕ್ಕಿಂನ ಪರವಾನಗಿ ಇದ್ದದ್ದು ಆ ರಾಜ್ಯದ ಗಡಿಯ ಒಳಗೆ ಮಾತ್ರ.

ದುಡ್ಡಿಲ್ಲದೆ, ಅಥವಾ ಫೀ ಕಟ್ಟಿ

ಫ್ಯಾಂಟಸಿ ಕ್ರಿಕೆಟ್‌ನ ರುಚಿ ಹತ್ತಿದವರಿಗೆ ಉಚಿತದ ಆವೃತ್ತಿಗಳು ಉಳಿದಿವೆ. ತಂಡ ಕಟ್ಟಿ, ಪಾಯಿಂಟ್ ನೋಡಿ, ಗೆಳೆಯರ ಕಾಲೆಳೆಯಿರಿ. ನನ್ನ ಪ್ರಕಾರ ಈ ಆಟದ ಮುಕ್ಕಾಲು ಮಜಾ ಆ ಕಾಲೆಳೆಯುವುದರಲ್ಲೇ ಇತ್ತು.

ಇ-ಸ್ಪೋರ್ಟ್ಸನ್ನು, ಅಂದರೆ ವಿಡಿಯೋ ಗೇಮ್‌ಗಳ ಸ್ಪರ್ಧೆಯನ್ನು, 2025ರ ಕಾಯ್ದೆ ಬೇರೆ ಇಟ್ಟಿದೆ. ಸ್ಪರ್ಧೆಗೆ ಸೇರಲು ಅಥವಾ ವ್ಯವಸ್ಥೆಯ ಖರ್ಚಿಗೆ ನೋಂದಣಿ ಫೀ ಇರಬಹುದು, ಆಡಿದವರಿಗೆ ಬಹುಮಾನದ ಹಣವೂ ಇರಬಹುದು. ಪಣ ಇರಬಾರದು. ಹಾಗಾಗಿ ಕಾಲೇಜು ಫೆಸ್ಟ್‌ನಲ್ಲಿ ಬಿಜಿಎಂಐ ಎಂಬ ಮೊಬೈಲ್ ಶೂಟಿಂಗ್ ಆಟದ ಟೂರ್ನಮೆಂಟ್‌ಗೆ ಹೆಸರು ಕೊಡಬಹುದು. ವಾಟ್ಸ್ಯಾಪ್ ಗ್ರೂಪಿನಲ್ಲಿ 'ಎಂಟ್ರಿ 100, ಸೇರಿದ ದುಡ್ಡೆಲ್ಲ ವಿನ್ನರ್‌ಗೆ' ಎಂದರೆ, ನನ್ನ ಓದಿನ ಪ್ರಕಾರ ಅದು ಫೀ ಅಲ್ಲ, ಪಣ. ನಮ್ಮ ಗದ್ದೆ ಬಯಲಿನ ಅಂಡರ್‌ಆರ್ಮ್ ಕ್ರಿಕೆಟ್‌ನಲ್ಲಿ ತಂಡ ಎಂಟ್ರಿ ಕಟ್ಟಿ ಆಡಿ ಕಪ್ ಗೆಲ್ಲುವುದು ಬೆಟ್ಟಿಂಗ್ ಅಲ್ಲ. ಬೌಂಡರಿ ಗೆರೆಯ ಹೊರಗೆ ನಿಂತು ಪಕ್ಕದವನ ಜೊತೆ ಐನೂರು ಕಟ್ಟಿದ್ದು ಬೆಟ್ಟಿಂಗ್.

ಕಂಬಳಕ್ಕೂ ಅದೇ ಮಾತು. ಕರ್ನಾಟಕದ 2017ರ ತಿದ್ದುಪಡಿಯನ್ನು ಸುಪ್ರೀಂ ಕೋರ್ಟ್ 2023ರ ಮೇ 18ರಂದು ಎತ್ತಿಹಿಡಿದ ಮೇಲೆ ಕಂಬಳ ಕಾನೂನಿನ ಒಳಗೆ ಗಟ್ಟಿಯಾಗಿದೆ. ಕರೆಯ (ಕೋಣ ಓಡುವ ಕೆಸರಿನ ಓಟದ ದಾರಿಯ) ಬದಿಯಲ್ಲಿ ಕೋಣಗಳ ಮೇಲೆ ದುಡ್ಡು ಕಟ್ಟಲು ಅದು ಅನುಮತಿ ಅಲ್ಲ. ಕೋಳಿ ಅಂಕಕ್ಕೆ ಎರಡು ಕಡೆಯಿಂದ ಪೆಟ್ಟು: ಪ್ರಾಣಿ ಹಿಂಸೆ ತಡೆ ಕಾಯ್ದೆ, ಮೇಲಿಂದ ಪೊಲೀಸ್ ಕಾಯ್ದೆ. 'ಜಾತ್ರೆಯದು, ಸಂಪ್ರದಾಯದ್ದು' ಎಂದರೂ ಹುಂಜದ ಜೊತೆ ಬೈಕುಗಳೂ ಠಾಣೆಗೆ ಹೋಗುತ್ತವೆ.

ಕೆಲವರು ಇದೆಲ್ಲ ಬಿಟ್ಟು ಷೇರು ಪೇಟೆಯ ಆಪ್ಷನ್ ಟ್ರೇಡಿಂಗ್‌ಗೆ ಇಳಿದಿದ್ದಾರೆ. ಅದು ಪೂರ್ತಿ ಕಾನೂನಿನ ಒಳಗೆ, ಷೇರು ಪೇಟೆಯನ್ನು ನಿಯಂತ್ರಿಸುವ ಸೆಬಿ ಇದೆ, ಬ್ರೋಕರ್ ಇದ್ದಾನೆ, ಕಾಂಟ್ರ್ಯಾಕ್ಟ್ ನೋಟ್ ಬರುತ್ತದೆ. ಕೌಂಟರ್ ಪರೀಕ್ಷೆಯಲ್ಲಿ ನೂರಕ್ಕೆ ನೂರು. ಅದೇ ಸೆಬಿ 2024ರ ಸೆಪ್ಟೆಂಬರ್‌ನಲ್ಲಿ ಹೇಳಿದ್ದು: 2021-22ರಿಂದ 2023-24ರ ಮೂರು ವರ್ಷಗಳಲ್ಲಿ ಫ್ಯೂಚರ್ಸ್ ಮತ್ತು ಆಪ್ಷನ್ಸ್ ಮಾಡಿದ ಒಂದು ಕೋಟಿಗೂ ಹೆಚ್ಚು ಸಣ್ಣ ಹೂಡಿಕೆದಾರರಲ್ಲಿ ಶೇ. 93 ಜನ ಕಳೆದುಕೊಂಡರು, ತಲಾ ಸರಾಸರಿ ಸುಮಾರು 2 ಲಕ್ಷ. ಹಾಗಾಗಿ ನನ್ನ ಪರೀಕ್ಷೆ ಮೋಸ ಹೋಗದಂತೆ ಕಾಯುತ್ತದೆ, ಅಷ್ಟೇ.

ಯಾರಿಗೆ ಯಾವುದು

ವರ್ಷಕ್ಕೆ ಒಂದೆರಡು ಸಲ ಅದೃಷ್ಟ ನೋಡಬೇಕು, ದುಡ್ಡು ಹೋದರೆ ಹೋಗಲಿ ಎನ್ನುವವರಿಗೆ ಮಂಜೇಶ್ವರದ ಕಾಗದದ ಟಿಕೆಟ್ ಸಾಕು. ನಷ್ಟ 50 ರೂಪಾಯಿಗೆ ನಿಲ್ಲುತ್ತದೆ, ಬಸ್ ಚಾರ್ಜ್ ಬೇರೆ. ಕುದುರೆ ಇಷ್ಟ ಇರುವವರು ಮೈಸೂರಿಗೆ ಹೋದಾಗ ಒಂದು ಮಧ್ಯಾಹ್ನ ಚಾಮುಂಡಿ ಬೆಟ್ಟದ ಕೆಳಗೆ ರೇಸು ನೋಡಿ ಬರಲಿ. ಪಣ ಕಟ್ಟದೆ ನೋಡಿದರೂ ಅದು ಚೆಂದವೇ. ಗೋವಾ ಕ್ಯಾಸಿನೋ ನನಗೆ ಇಷ್ಟವಿಲ್ಲದ ಆಯ್ಕೆ. ಅಲ್ಲಿ ಗಡಿಯಾರವೂ ಕಿಟಕಿಯೂ ನಿಮ್ಮ ಪರ ಇರುವುದಿಲ್ಲ. ಕ್ರಿಕೆಟ್ ಮೇಲೇ ಕಟ್ಟಬೇಕು, ಮೊಬೈಲಿನಲ್ಲೇ ಆಗಬೇಕು ಎನ್ನುವವರಿಗೆ ಕೊಡಲು ನನ್ನ ಬಳಿ ಹೆಸರಿಲ್ಲ.

ಈಗಾಗಲೇ ದುಡ್ಡು ಸಿಕ್ಕಿಹಾಕಿಕೊಂಡಿದ್ದರೆ ಮೊದಲು ಮಾಡಬೇಕಾದದ್ದು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್. ಎಷ್ಟು ಬೇಗ ಮಾಡುತ್ತೀರೋ ಅಷ್ಟು ಒಳ್ಳೆಯದು. ಹಣ ಮುಂದಿನ ಅಕೌಂಟ್‌ಗೆ ಜಾರುವ ಮೊದಲೇ ತಡೆಯಲು ಆಗುವುದು ಆಗ ಮಾತ್ರ. ಯುಪಿಐ ವಹಿವಾಟಿನ ನಂಬರ್, ಸ್ಕ್ರೀನ್‌ಶಾಟ್, ವಾಟ್ಸ್ಯಾಪ್ ಚಾಟ್ ಯಾವುದನ್ನೂ ಡಿಲೀಟ್ ಮಾಡಬೇಡಿ. ನಾಚಿಕೆಯಾಗಿ ಅಳಿಸಿಹಾಕಿದವರ ದೂರು ಅಲ್ಲಿಗೇ ನಿಲ್ಲುತ್ತದೆ. 'ನಿಮ್ಮ ದುಡ್ಡು ವಾಪಸ್ ಕೊಡಿಸುತ್ತೇವೆ, ಫೀ ಕಟ್ಟಿ' ಎಂದು ಟೆಲಿಗ್ರಾಂನಲ್ಲಿ ಬರುವವರು ಅದೇ ಗುಂಪಿನವರು.

ನಿಮ್ಮ ಅಕೌಂಟೇ ಫ್ರೀಜ್ ಆಗಿದ್ದರೆ ಶಾಖೆಯಲ್ಲಿ ಜಗಳ ಮಾಡಿ ಪ್ರಯೋಜನ ಇಲ್ಲ. ತಡೆ ಹಾಕಿಸಿದ್ದು ಯಾವ ರಾಜ್ಯದ ಯಾವ ಠಾಣೆ, ದೂರಿನ ನಂಬರ್ ಎಷ್ಟು, ತಕರಾರು ಎಷ್ಟು ಮೊತ್ತದ್ದು ಎಂದು ಕೇಳಿ ಬರೆಸಿಕೊಳ್ಳಿ. ಆ ತನಿಖಾಧಿಕಾರಿಗೆ ಆ ಹಣ ನಿಮಗೆ ಹೇಗೆ ಬಂತು ಎಂಬ ವಿವರ, ಆರು ತಿಂಗಳ ಸ್ಟೇಟ್‌ಮೆಂಟ್, ಗುರುತಿನ ಚೀಟಿ ಸೇರಿಸಿ ಇ-ಮೇಲ್ ಮಾಡಿ, ಜೊತೆಗೆ ರಿಜಿಸ್ಟರ್ ಪೋಸ್ಟ್ ಹಾಕಿ. ಪೂರ್ತಿ ಅಕೌಂಟ್ ಅಲ್ಲ, ತಕರಾರಿನ ಮೊತ್ತವನ್ನು ಮಾತ್ರ ತಡೆಹಿಡಿಯಿರಿ ಎಂದು ಅದರಲ್ಲೇ ಕೇಳಿಕೊಳ್ಳಿ. ಅದಕ್ಕೂ ಉತ್ತರ ಬಾರದಿದ್ದರೆ ಆ ಠಾಣೆಯ ವ್ಯಾಪ್ತಿಯ ಮ್ಯಾಜಿಸ್ಟ್ರೇಟ್ ಕೋರ್ಟಿಗೆ ಅರ್ಜಿ ಹಾಕಬೇಕಾಗುತ್ತದೆ, ಅದಕ್ಕೆ ವಕೀಲರು ಬೇಕು.